ಮಹಾರಾಣಿ ಲಕ್ಷ್ಮಮ್ಮಣ್ಣಿ

ಮಹಾರಾಣಿ ಲಕ್ಷ್ಮಮ್ಮಣ್ಣಿ (1742–1810) ಮೈಸೂರಿನ ಒಡೆಯರ್ ಮನೆತನದ ರಾಣಿ. ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ. ಲಕ್ಷ್ಮೀ ಅಮ್ಮಣ್ಣಿ ಎಂಬ ಹೆಸರೂ ಇವರಿಗುಂಟು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಆಳ್ವಿಕೆಯ ಕಾಲದಲ್ಲಿ, ಕಳೆದುಹೋದ ರಾಜ್ಯವನ್ನು ತಮ್ಮ ವಂಶಕ್ಕೆ ಮರಳಿ ದೊರಕಿಸಲು ಹಲವು ದಶಕಗಳ ಕಾಲ ಶ್ರಮಿಸಿದರು. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆಯ ಪ್ರಸಾರದೊಂದಿಗೂ ಇವರ ಹೆಸರು ಸೇರಿಕೊಂಡಿದೆ. ಇದಕ್ಕೆ ಮುಖ್ಯ ಕಾರಣ ಸುಮಾರು 1805ರಲ್ಲಿ ರಚಿತವಾದ ಒಂದು ವರ್ಣಚಿತ್ರ ಮತ್ತು ಅದರಲ್ಲಿ ಕಾಣುವ ಗುರುತುಗಳು.

ಆರಂಭಿಕ ಜೀವನ

ಲಕ್ಷ್ಮಮ್ಮಣ್ಣಿ ಕತ್ತಿ ಗೋಪಾಲರಾಜೇ ಅರಸರ ಮಗಳು. ಇವರ ಬಾಳಿನ ಬಹುಭಾಗ ಕಳೆದದ್ದು ಅಂದಿನ ರಾಜಧಾನಿಯೂ ಇಂದಿನ ಮಂಡ್ಯ ಜಿಲ್ಲೆಯ ತಾಲ್ಲೂಕು ಕೇಂದ್ರವೂ ಆದ ಶ್ರೀರಂಗಪಟ್ಟಣದಲ್ಲಿ. 1761ರಲ್ಲಿ ಹೈದರ್ ಅಲಿಯು ಅಧಿಕಾರವನ್ನು ವಶಪಡಿಸಿಕೊಂಡ ಮೇಲೆ ಅರಸರು ಹೆಸರಿಗಷ್ಟೇ ಅರಸರಾಗಿ ಉಳಿದರು. 1766ರಲ್ಲಿ ಪತಿ ತೀರಿಕೊಂಡರು. ಬಳಿಕ ಪಟ್ಟವೇರಿದ ನಂಜರಾಜ ಒಡೆಯರು 1770ರಲ್ಲಿಯೂ ಬೆಟ್ಟದ ಚಾಮರಾಜ ಒಡೆಯರು 1776ರಲ್ಲಿಯೂ ಮರಣ ಹೊಂದಿದರು. ಅನಂತರ ಖಾಸಾ ಚಾಮರಾಜ ಒಡೆಯರನ್ನು ಸಿಂಹಾಸನಕ್ಕೆ ಆರಿಸಲಾಯಿತು.

ರಾಜ್ಯದ ಮರುಪ್ರಾಪ್ತಿ

ಪ್ರಧಾನ್ ತಿರುಮಲರಾಯರ ಮೂಲಕ ರಾಣಿಯವರು ಮದರಾಸಿನ ಇಂಗ್ಲಿಷರೊಡನೆ ಗುಟ್ಟಾಗಿ ಸಂಪರ್ಕವಿರಿಸಿಕೊಂಡಿದ್ದರು. 1782ರ ಅಕ್ಟೋಬರ್‌ನಲ್ಲಿ ತಂಜಾವೂರಿನಲ್ಲಿ ಆದ ಒಪ್ಪಂದವು ರಾಣಿಯ ಒಪ್ಪಂದವೆಂದೇ ಪ್ರಸಿದ್ಧವಾಗಿದೆ. ಆದರೆ ಅದು ಆಗ ಫಲ ಕೊಡಲಿಲ್ಲ. 1796ರಲ್ಲಿ ಖಾಸಾ ಚಾಮರಾಜ ಒಡೆಯರು ನಿಧನರಾದಾಗ ಟಿಪ್ಪು ಬೇರೊಬ್ಬರಿಗೆ ಪಟ್ಟ ಕಟ್ಟಲಿಲ್ಲ. ರಾಜಪರಿವಾರವನ್ನು ಅರಮನೆಯಿಂದ ಹೊರಗೆ ಸಾಮಾನ್ಯ ಮನೆಯೊಂದರಲ್ಲಿ ಇರಿಸಲಾಯಿತು.

1799ರಲ್ಲಿ ಇಂಗ್ಲಿಷರ ಸೈನ್ಯ ಪೂರ್ವದಿಂದ ಬರುತ್ತಿದ್ದಾಗ ಟಿಪ್ಪು ಮೊದಲು ಮದ್ದೂರು ಹೊಳೆಯ ಬಳಿ ಬೀಡುಬಿಟ್ಟು, ಮಾರ್ಚ್ 27ರಂದು ಮಳವಳ್ಳಿಯಲ್ಲಿ ಎದುರಿಸಿ ಹಿಮ್ಮೆಟ್ಟಿದನು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಜೂನ್ 30ರಂದು ಸುಮಾರು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ಬಾಲಕ ಅರಸನಿಗೆ ಅಜ್ಜಿಯ ಸ್ಥಾನದಲ್ಲಿದ್ದ ಲಕ್ಷ್ಮಮ್ಮಣ್ಣಿಯವರು ಪಾಲಕಿಯಾದರು. ಪೂರ್ಣಯ್ಯನವರು ದಿವಾನರಾಗಿ ಆಡಳಿತ ನಡೆಸಿದರು.

ಸಿಡುಬಿನ ಲಸಿಕೆ

ಎಡ್ವರ್ಡ್ ಜೆನ್ನರನು 1798ರಲ್ಲಿ ಪ್ರಕಟಿಸಿದ ಲಸಿಕೆಯನ್ನು ಭಾರತದಲ್ಲಿ ಮೊದಲು 1802ರ ಜೂನ್ 14ರಂದು ಮುಂಬಯಿಯ ಒಂದು ಮಗುವಿಗೆ ಹಾಕಲಾಯಿತು. ದನದ ಸಿಡುಬಿನಿಂದ ಬಂದ ಈ ಲಸಿಕೆಯನ್ನು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟಿಸಬೇಕಾಗಿತ್ತು. ಜಾತಿ ಕೆಡುವುದೆಂಬ ಅಂಜಿಕೆಯೂ ಸಿಡುಬನ್ನು ಅಮ್ಮನ ಕೋಪವೆಂದು ಕಾಣುವ ನಂಬಿಕೆಯೂ ಜನರನ್ನು ಹಿಂಜರಿಯುವಂತೆ ಮಾಡಿದ್ದವು. ಅದಕ್ಕೆ ಮೊದಲು ರೂಢಿಯಲ್ಲಿದ್ದುದು ಸಿಡುಬಿನ ರೋಗಾಂಶವನ್ನೇ ಅಲ್ಪ ಪ್ರಮಾಣದಲ್ಲಿ ಚರ್ಮಕ್ಕೆ ಸೇರಿಸುವ ಅಥವಾ ಒಣಗಿದ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದುವ ಪದ್ಧತಿ. ಇಂತಹ ಸಮಯದಲ್ಲಿ ಅರಮನೆಯವರೇ ಲಸಿಕೆ ಹಾಕಿಸಿಕೊಂಡರು. ಮುಮ್ಮಡಿಯವರನ್ನು ವರಿಸಲು 1805ರಲ್ಲಿ ಬಂದ ದೇವಾಜಮ್ಮಣ್ಣಿಯವರು ಲಸಿಕೆ ಪಡೆದುದನ್ನು ಕಂಡು ಅನೇಕರು ಮುಂದೆ ಬಂದರೆಂದು 1806ರ ಇಂಗ್ಲಿಷ್ ದಾಖಲೆಗಳು ತಿಳಿಸುತ್ತವೆ.

ವರ್ಣಚಿತ್ರದ ಗುರುತುಗಳು

ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕಿಯದೆಂದು ಹೇಳಲಾಗುವ ಚಿತ್ರದಲ್ಲಿ ಆಭರಣಗಳನ್ನು ಧರಿಸಿದ ಮೂವರು ಸ್ತ್ರೀಯರಿದ್ದಾರೆ. ಇವರನ್ನು ಬಹುಕಾಲ ನರ್ತಕಿಯರೆಂದು ಭಾವಿಸಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸಲರ್ ಇವರು ಮೈಸೂರು ಅರಮನೆಯ ಸ್ತ್ರೀಯರೆಂದು ವಾದಿಸಿದರು. ಬಲಬದಿಯ ತರುಣಿಯ ಎಡತೋಳಿನಿಂದ ಸೀರೆ ಸರಿದಿದೆ. ಆಕೆ ಬಲಗೈಯಿಂದ ಆ ತೋಳನ್ನೇ ತೋರಿಸುತ್ತಿದ್ದಾಳೆ. ಇದು ಲಸಿಕೆ ಹಾಕಿದ ಜಾಗವೆಂದೂ ಆಕೆಯೇ ದೇವಾಜಮ್ಮಣ್ಣಿಯೆಂದೂ ಅವರ ನಿರ್ಣಯ. ಎಡಬದಿಯವಳ ಮೂಗಿನ ಕೆಳಗೂ ಬಾಯಿಯ ಸುತ್ತಲೂ ಚರ್ಮದ ಬಣ್ಣ ಬದಲಾಗಿದೆ. ಇದು ಮೂಗಿಗೆ ಪುಡಿ ಊದಿದ ಹಳೆಯ ಪದ್ಧತಿಯ ಕುರುಹು. ಆಕೆ ಅದೇ ಹೆಸರಿನ ಹಿರಿಯ ರಾಣಿ. ಹೀಗೆ ಹಳೆಯ ಮತ್ತು ಹೊಸ ಪದ್ಧತಿಗಳು ಒಂದೇ ಚಿತ್ರದಲ್ಲಿ ಎದುರುಬದುರಾಗಿವೆ. ಪರಪುರುಷನಾದ ಚಿತ್ರಕಾರನ ಮುಂದೆ ರಾಣಿವಾಸದವರು ಕುಳಿತುಕೊಳ್ಳಲು ಹಿರಿಯರ ಒಪ್ಪಿಗೆ ಬೇಕಿತ್ತು. ಸಿಡುಬಿನಿಂದಲೇ ಪತಿಯನ್ನು ಕಳೆದುಕೊಂಡರೆಂದು ಹೇಳಲಾಗುವ ಲಕ್ಷ್ಮಮ್ಮಣ್ಣಿಯವರ ಬೆಂಬಲವನ್ನು ಚಾನ್ಸಲರ್ ಇಲ್ಲಿ ಗುರುತಿಸುತ್ತಾರೆ. ಈ ಚಿತ್ರವು 2007ರಲ್ಲಿ ಹರಾಜಿಗೆ ಬಂದಿತು.

ನಿಧನ

ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ನಿಧನರಾದರು. ಅದರ ಮರುವರ್ಷ ಪೂರ್ಣಯ್ಯನವರು ಅಧಿಕಾರದಿಂದ ನಿವೃತ್ತರಾಗಿ, ಮುಮ್ಮಡಿ ಕೃಷ್ಣರಾಜ ಒಡೆಯರು ಆಡಳಿತವನ್ನು ಸ್ವತಃ ವಹಿಸಿಕೊಂಡರು.