ನಿರಾಶ್ರಿತ ಮಕ್ಕಳ ಅಕ್ಕ ತ್ಸೆರಿಂಗ್ ಡೋಲ್ಮಾ

ಕೆಂಗೇರಿಯನ್ನು ದಾಟಿ ಮೈಸೂರಿನ ಹೆದ್ದಾರಿಯಲ್ಲಿ ಬಿಡದಿಯ ಕಡೆಗೆ ಸಾಗುವವರಿಗೆ, ಶೇಷಗಿರಿಹಳ್ಳಿಯಲ್ಲಿ ಟಿಬೆಟಿನ ತರುಣ ತರುಣಿಯರು ಓದುವ ಕಾಲೇಜೊಂದು ಇರುವುದು ತಿಳಿದಿರಬಹುದು. ದಲಾಯಿ ಲಾಮಾ ಅವರ ಹೆಸರನ್ನು ಹೊತ್ತ ಈ ಉನ್ನತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ್ದು ಟಿಬೆಟಿಯನ್ ಮಕ್ಕಳ ಗ್ರಾಮವೆಂಬ ಸಂಸ್ಥೆ. ಅದರ ಮೂಲವನ್ನು ಅರಸಿ ಹೊರಟರೆ ಹಿಮಾಲಯದ ಮಡಿಲಿನ ಧರ್ಮಶಾಲಾ ಎಂಬ ಊರಿನಲ್ಲಿ, ಐವತ್ತೊಂದು ಮಕ್ಕಳ ನಡುವೆ ನಿಂತ ಒಬ್ಬ ಹೆಣ್ಣುಮಗಳ ಬಳಿಗೆ ಹೋಗಿ ಮುಟ್ಟುತ್ತೇವೆ. ಆಕೆಯ ಹೆಸರು ತ್ಸೆರಿಂಗ್ ಡೋಲ್ಮಾ. ಹದಿನಾಲ್ಕನೆಯ ದಲಾಯಿ ಲಾಮಾ ಅವರ ಹಿರಿಯಕ್ಕ.

ಟಿಬೆಟಿನ ಈಶಾನ್ಯದ ಆಮ್ದೊ ಸೀಮೆಯಲ್ಲಿ ತಕ್ತ್ಸೆರ್ ಎಂಬ ಚಿಕ್ಕ ಹಳ್ಳಿ. ಅಲ್ಲಿಯ ಒಕ್ಕಲು ಮನೆತನವೊಂದರಲ್ಲಿ ಡೋಲ್ಮಾ ಹುಟ್ಟಿದರು. ಅವರ ತಾಯಿ ಹೆತ್ತದ್ದು ಹದಿನಾರು ಮಕ್ಕಳನ್ನು. ಬದುಕಿ ಉಳಿದವರು ಏಳು ಮಂದಿ. ಉಳಿದವರಲ್ಲಿ ಇವರೇ ಹಿರಿಯರು. ಮಗುವೊಂದು ಕಣ್ಣು ಬಿಡುವುದೂ ಕಣ್ಣು ಮುಚ್ಚುವುದೂ ಆ ಮನೆಯಲ್ಲಿ ಅಪರೂಪದ ಸಂಗತಿಯಾಗಿರಲಿಲ್ಲ. 1935ರ ಜುಲೈ ತಿಂಗಳಲ್ಲಿ ತಾಯಿ ಮತ್ತೆ ಹೆತ್ತಾಗ ಸೂಲಗಿತ್ತಿಯ ಕೆಲಸವನ್ನು ಈ ಮಗಳೇ ಮಾಡಿದರು. ಹುಟ್ಟಿದ ಗಂಡುಕೂಸಿನ ಒಂದು ಕಣ್ಣು ತೆರೆದುಕೊಳ್ಳಲಿಲ್ಲವಂತೆ. ಅಕ್ಕ ಹಿಂದುಮುಂದು ನೋಡದೆ ಬೆರಳಿನಿಂದ ರೆಪ್ಪೆಯನ್ನು ಬಿಡಿಸಿದರು. ಕಣ್ಣಿಗೆ ಯಾವ ಕೇಡೂ ಆಗಲಿಲ್ಲ. ಆ ಕೂಸನ್ನೇ ಮುಂದೆ ಲ್ಹಾಸಾದ ಹಿರಿಯರು ದಲಾಯಿ ಲಾಮಾ ಎಂದು ಗುರುತಿಸಿದರು.

ಲ್ಹಾಸಾದ ವರ್ಷಗಳನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ತಮ್ಮನ ಹಿಂದೆ ಇಡೀ ಕುಟುಂಬ ರಾಜಧಾನಿಯನ್ನು ಸೇರಿತು. ಡೋಲ್ಮಾ ಅವರ ಪತಿ ಫುಂತ್ಸೋಕ್ ತಾಶಿ ತಕ್ಲಾ ದಲಾಯಿ ಲಾಮಾ ಅವರ ಅಂಗರಕ್ಷಕ ದಳದ ನಾಯಕರಾದರು. 1959ರ ಮಾರ್ಚ್ 17ರ ರಾತ್ರಿ ಅರಮನೆಯಿಂದ ಮೊದಲು ಹೊರಬಿದ್ದ ತಂಡದಲ್ಲಿ ಗಂಡುವೇಷ ತೊಟ್ಟ ತಾಯಿ ಮಗಳಿಬ್ಬರೂ ಇದ್ದರು. ಮಾರ್ಚ್ ಮುಗಿಯುವಷ್ಟರಲ್ಲಿ ದಲಾಯಿ ಲಾಮಾ ಭಾರತದ ನೆಲವನ್ನು ತುಳಿದಿದ್ದರು. ಅವರ ಹಿಂದೆ ಸಾವಿರ ಸಾವಿರ ಜನ ಬೆಟ್ಟ ಇಳಿದು ಬಂದರು.

ಹೀಗೆ ಬಂದವರಿಗೆ ಸಿಕ್ಕ ಮೊದಲ ಕೂಲಿ ರಸ್ತೆಯ ಕೆಲಸ. ಬಯಲಿನ ಸೆಕೆಯನ್ನು ತಾಳಲಾರದ ಜನವೆಂದು ಸರ್ಕಾರ ಅವರನ್ನು ಗುಡ್ಡಗಾಡಿನ ಹೊಸ ದಾರಿಗಳನ್ನು ಕಡಿಯಲು ಕಳಿಸಿತು. ಗಂಡ ಹೆಂಡತಿ ಇಬ್ಬರೂ ಕಲ್ಲು ಒಡೆಯುತ್ತಿದ್ದರು, ಮಕ್ಕಳು ದಾರಿಯ ಬದಿಯ ಡೇರೆಗಳಲ್ಲಿ ದೂಳು ತಿನ್ನುತ್ತ ಉಳಿದವು. ರಸ್ತೆ ಮುಂದೆ ಸರಿದಂತೆ ಡೇರೆಯೂ ಸರಿಯುತ್ತಿತ್ತು. ಮನೆಯೇ ನಿಲ್ಲದ ಕಡೆ ಶಾಲೆ ನಿಲ್ಲುವುದೆಲ್ಲಿ? ಎತ್ತರದ ತಂಪುನಾಡಿನ ಮೈಗೆ ಇಲ್ಲಿಯ ನೀರು, ಇಲ್ಲಿಯ ರೋಗ ಎರಡೂ ಹೊಸವು. ಬಹಳ ಮಕ್ಕಳು ಸತ್ತವು.

1960ರ ಏಪ್ರಿಲ್ ಕೊನೆಗೆ ದಲಾಯಿ ಲಾಮಾ ಧರ್ಮಶಾಲಾಕ್ಕೆ ಬಂದು ನೆಲಸಿದರು. ಮೂರು ವಾರ ಕಳೆಯುವುದರೊಳಗೆ, ಮೇ 17ರಂದು, ಜಮ್ಮುವಿನ ರಸ್ತೆ ಶಿಬಿರಗಳಿಂದ ಐವತ್ತೊಂದು ಮಕ್ಕಳನ್ನು ಅಲ್ಲಿಗೆ ಕರೆತಂದರು. ರೋಗದಿಂದಲೂ ಹಸಿವಿನಿಂದಲೂ ಬಳಲಿ ಬೆಂಡಾದ ಮಕ್ಕಳು. ಇವರನ್ನು ನೋಡಿಕೊಳ್ಳುತ್ತೇನೆಂದು ತಾವಾಗಿ ಮುಂದೆ ಬಂದವರು ತ್ಸೆರಿಂಗ್ ಡೋಲ್ಮಾ. ಮೊದಮೊದಲು ದಲಾಯಿ ಲಾಮಾ ಅವರ ಪರಿವಾರದವರೇ ಮಕ್ಕಳನ್ನು ಹಂಚಿಕೊಂಡು ಸಾಕಿದರು. ಆಮೇಲೆ ಭಾರತ ಸರ್ಕಾರ ಕೋನಿಯಮ್ ಹೌಸ್ ಎಂಬ ಬಂಗಲೆಯನ್ನು ಬಾಡಿಗೆಗೆ ಹಿಡಿದು ಕೊಟ್ಟಿತು. ಟಿಬೆಟಿಯನ್ ನಿರಾಶ್ರಿತ ಮಕ್ಕಳ ಶಿಶುವಿಹಾರ ಹುಟ್ಟಿದ್ದು ಹೀಗೆ. ಸುದ್ದಿ ಹರಡಿದಂತೆ ಶಿಬಿರ ಶಿಬಿರಗಳಿಂದ ಮಕ್ಕಳು ಬರತೊಡಗಿದರು. ಐವತ್ತೊಂದು ನೂರಾಯಿತು, ನೂರು ನೂರಾರಾಯಿತು. ಮಗು ಬದುಕಲೆಂದು ಅದನ್ನು ಪರರ ಕೈಗೆ ಒಪ್ಪಿಸಿ ಮತ್ತೆ ಕಲ್ಲೊಡೆಯಲು ಹಿಂದಿರುಗಿದ ತಾಯಂದಿರ ಮನಸ್ಸನ್ನು ಓದುಗರೇ ಊಹಿಸಿಕೊಳ್ಳಬೇಕು.

ಇನ್ನು ವಿದ್ಯೆಯ ಪ್ರಶ್ನೆ. ಪರದೇಶದ ಮಗುವನ್ನು ನೆಲೆ ಕೊಟ್ಟ ದೇಶದ ಶಾಲೆಗೆ ನೇರವಾಗಿ ಸೇರಿಸುವುದು ಸುಲಭದ ದಾರಿಯಂತೆ ತೋರುತ್ತದೆ. ಆದರೆ ಭಾಷೆ ತಿಳಿಯದ ಮಗು ತರಗತಿಯಲ್ಲಿ ಹೇಗೆ ಮೂಕವಾಗುತ್ತದೆಂಬುದನ್ನು ನಮ್ಮ ಉಪಾಧ್ಯಾಯರಿಗೆ ಹೇಳಬೇಕಾಗಿಲ್ಲ. ಹೊಟ್ಟೆಪಾಡಿಗಾಗಿ ದೂರದ ಸೀಮೆಗಳಿಂದ ಬಂದವರ ಮಕ್ಕಳು ನಮ್ಮ ರಾಜಾಜಿನಗರ, ವಿಜಯನಗರಗಳ ಶಾಲೆಗಳಲ್ಲೂ ಹಿಂದಿನ ಬೆಂಚು ಹಿಡಿದು ಕೂರುವುದನ್ನು ಅವರು ಕಂಡೇ ಇರುತ್ತಾರೆ. ಅದಕ್ಕೂ ಮಿಗಿಲಾಗಿ, ನಾಡನ್ನು ಕಳೆದುಕೊಂಡ ಜನ ನುಡಿಯನ್ನೂ ಕಳೆದುಕೊಂಡರೆ ಉಳಿಯುವುದೇನು ಎಂಬ ಭಯ ಟಿಬೆಟಿನವರಿಗಿತ್ತು. ಪ್ರತ್ಯೇಕ ಶಾಲೆಗಳು ಬೇಕೆಂದು ದಲಾಯಿ ಲಾಮಾ ಕೇಳಿದಾಗ ನೆಹರೂ ಒಪ್ಪಿದರು. ಮಕ್ಕಳು ತಮ್ಮ ಚರಿತ್ರೆ ಸಂಸ್ಕೃತಿಗಳನ್ನು ಕಲಿಯಲಿ, ಜೊತೆಗೆ ಹೊರಲೋಕದ ಬಾಗಿಲು ತೆರೆಯಲು ಇಂಗ್ಲಿಷನ್ನೂ ಕಲಿಯಲಿ ಎಂಬುದು ಅವರ ಎಣಿಕೆ. 1960ರ ಮಾರ್ಚಿಯಲ್ಲೇ ಮಸ್ಸೂರಿಯಲ್ಲಿ ಮೊದಲ ಶಾಲೆ ತೆರೆದಿತ್ತು. 1961ರಲ್ಲಿ ಟಿಬೆಟಿಯನ್ ಶಾಲೆಗಳ ಸಂಘ ಕೇಂದ್ರ ಸರ್ಕಾರದ ಆಶ್ರಯದಲ್ಲಿ ರೂಪುಗೊಂಡಿತು. ಆಗಿನ ಶಿಕ್ಷಣ ಮಂತ್ರಿಗಳು ಡಾ. ಕೆ. ಎಲ್. ಶ್ರೀಮಾಲಿ. ಮುಂದೆ ನಮ್ಮ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಉಪಕುಲಪತಿಗಳಾಗಿ ಬಂದವರು ಇವರೇ.

ಈ ಏರ್ಪಾಡಿನಲ್ಲಿ ಡೋಲ್ಮಾ ಅವರ ಶಿಶುವಿಹಾರ ಹೊಸ್ತಿಲಿನಂತಿತ್ತು. ಸಾವಿನ ದವಡೆಯಿಂದ ಬಂದ ಮಗುವಿಗೆ ಮೊದಲು ಊಟ, ಔಷಧ, ನಿದ್ದೆ. ಎಂಟು ತುಂಬಿದ ಮೇಲೆ ಸರ್ಕಾರದ ವಸತಿಶಾಲೆ. ಹುಟ್ಟಿದ ಹಳ್ಳಿಯಲ್ಲಿ ಹೆಣ್ಣುಮಗುವಿಗೆ ಶಾಲೆಯೆಂಬುದನ್ನೇ ಕಾಣದೆ ಬೆಳೆದವರು ನೂರಾರು ಮಕ್ಕಳನ್ನು ಶಾಲೆಯ ಬಾಗಿಲವರೆಗೆ ಕೈಹಿಡಿದು ನಡೆಸಿದರು. ಕೆಲಸ ಅಚ್ಚುಕಟ್ಟಾಗಿ ನಡೆಯಿತೆಂದು ಹೇಳಿದರೆ ಸುಳ್ಳಾದೀತು. ಒಂದು ಹಾಸಿಗೆಯಲ್ಲಿ ನಾಲ್ಕಾರು ಮಕ್ಕಳು ಒತ್ತಿಕೊಂಡು ಮಲಗಬೇಕಿತ್ತು. ಒಬ್ಬರಿಗೆ ಬಂದ ರೋಗ ಹತ್ತು ಜನಕ್ಕೆ ಹರಡುತ್ತಿತ್ತು. ಡೋಲ್ಮಾ ಅವರದು ದರ್ಪದ ಸ್ವಭಾವವೆಂದು ಯುರೋಪಿನಿಂದ ಸೇವೆಗೆ ಬಂದವರಲ್ಲಿ ಕೆಲವರು ದೂರಿದ್ದುಂಟು. ಇರಬಹುದು. ಬಾಗಿಲಿಗೆ ಬಂದ ಮಗುವನ್ನು ಜಾಗವಿಲ್ಲವೆಂದು ಹಿಂದಕ್ಕೆ ಕಳಿಸಿದ್ದರೆ ವ್ಯವಸ್ಥೆ ಚೆನ್ನಾಗಿರುತ್ತಿತ್ತು. ಹಾಗೆ ಹಿಂದಕ್ಕೆ ಹೋದ ಮಗು ಮತ್ತೆ ಸೇರುತ್ತಿದ್ದುದು ರಸ್ತೆಬದಿಯ ಡೇರೆಯನ್ನು. ದೂರಿದವರ ಮಾತನ್ನು ತೂಗುವಾಗ ಇದನ್ನೂ ತಕ್ಕಡಿಯಲ್ಲಿಡಬೇಕೆಂದು ನನಗೆ ತೋರುತ್ತದೆ.

ನಾಲ್ಕೂವರೆ ವರ್ಷ ಹೀಗೆ ದುಡಿದು, 1964ರಲ್ಲಿ ಕ್ಯಾನ್ಸರಿನಿಂದ ಅವರು ತೀರಿಕೊಂಡರು. ಕೆಲಸದ ಹೊಣೆ ತಂಗಿ ಜೆತ್ಸುನ್ ಪೇಮಾ ಅವರ ಹೆಗಲಿಗೇರಿತು. ತಂಗಿ ಕಾಲಿಂಪಾಂಗ್, ಡಾರ್ಜಿಲಿಂಗ್‌ಗಳ ಕಾನ್ವೆಂಟುಗಳಲ್ಲಿ ಓದಿದವರು. ಅಷ್ಟರಲ್ಲಿ ವಸತಿಶಾಲೆಗಳು ತುಂಬಿಹೋಗಿ ಎಂಟು ದಾಟಿದ ಮಕ್ಕಳನ್ನು ಕಳಿಸಲು ಸ್ಥಳವಿಲ್ಲದಂತಾಗಿತ್ತು. ಅನಿವಾರ್ಯವಾಗಿ ಶಿಶುವಿಹಾರವೇ ಶಾಲೆಯಾಯಿತು, ಮನೆಗಳ ಸಾಲಾಯಿತು, 1970ರ ದಶಕದ ಮೊದಲಲ್ಲಿ ಮಕ್ಕಳ ಗ್ರಾಮವೆಂಬ ಹೆಸರು ಪಡೆಯಿತು. ಪ್ರಾಥಮಿಕ ತರಗತಿಗಳಲ್ಲಿ ಇಂಗ್ಲಿಷಿನ ಬದಲು ಟಿಬೆಟಿಯನ್ ಭಾಷೆಯಲ್ಲೇ ಪಾಠ ಹೇಳಲು ಅದು ತೊಡಗಿದ್ದು 1980ರ ದಶಕದ ನಡುವೆ. ಗಣಿತ, ವಿಜ್ಞಾನಗಳಿಗೆ ಪಠ್ಯಪುಸ್ತಕಗಳನ್ನೇ ಹೊಸದಾಗಿ ಬರೆಯಬೇಕಾಯಿತು. ಕನ್ನಡ ಮಾಧ್ಯಮಕ್ಕಾಗಿ ಪಾರಿಭಾಷಿಕ ಪದಗಳನ್ನು ಹುಡುಕಿ ಬಳಲಿದ ನಮಗೆ ಆ ಕಷ್ಟ ಅರ್ಥವಾಗುತ್ತದೆ.

ನಮ್ಮ ನಾಡಿನ ಪಾಲನ್ನೂ ಹೇಳಬೇಕು. ಆಗಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುನೆಲವನ್ನು ಕೊಟ್ಟಿತು. 1960ರ ಕೊನೆಯಿಂದ ಜನ ಬಂದು ಕಾಡು ಕಡಿದು, ಆನೆಗಳ ಕಾಟ ಸಹಿಸಿ, ಮುಸುಕಿನ ಜೋಳ ಬೆಳೆದರು. 1966ರಲ್ಲಿ ಮುಂಡಗೋಡಿನಲ್ಲೂ, ಮುಂದಿನ ದಶಕದಲ್ಲಿ ಹುಣಸೂರು, ಕೊಳ್ಳೇಗಾಲಗಳ ಬಳಿಯೂ ವಸತಿಗಳಾದವು. ಇಲ್ಲಿ ನೆಲ ಸರಿಯುತ್ತಿರಲಿಲ್ಲ. ತಾಯಿ ಹೊಲಕ್ಕೆ ಹೋದಾಗ ಮಗು ಶಾಲೆಗೆ ಹೋಗಿ ಸಂಜೆ ಅದೇ ಮನೆಗೆ ಹಿಂದಿರುಗಬಹುದಾಗಿತ್ತು. ಡೋಲ್ಮಾ ಅವರು ಕೈಗೆತ್ತಿಕೊಂಡ ಮಕ್ಕಳಿಗೆ ಇಲ್ಲದಿದ್ದುದು ಇದೊಂದೇ.

ಬೈಲಕುಪ್ಪೆಯಲ್ಲಿ ಶಾಲೆ ಮುಗಿಸಿ ಪದವಿಗೆ ಹೊರಟ ಹುಡುಗಿ ಈಗ ಹುಣಸೂರು, ಮೈಸೂರುಗಳನ್ನು ಹಾದು ಇದೇ ಹೆದ್ದಾರಿಯಲ್ಲಿ ಬಂದು, ಕೆಂಗೇರಿ ಇನ್ನೂ ಕೆಲವು ಮೈಲಿ ಇರುವಾಗಲೇ ಬಸ್ಸಿನಿಂದ ಇಳಿಯುತ್ತಾಳೆ.