ಪಂಜಾಬಿನ ಕೇಸರಿ ಲಾಲಾ ಲಜಪತರಾಯರು

ಭಾರತದ ಸ್ವಾತಂತ್ರ್ಯ ಸಂಗ್ರಾಮದ ಚರಿತ್ರೆಯಲ್ಲಿ ಲಾಲ್, ಬಾಲ್, ಪಾಲ್ ಎಂಬ ಮೂವರ ಹೆಸರನ್ನು ಕೇಳದವರು ವಿರಳ. ಇವರಲ್ಲಿ ಬಾಲಗಂಗಾಧರ ತಿಲಕರ ಜೀವನವು ನಮ್ಮಲ್ಲಿ ಅನೇಕರಿಗೆ ಪರಿಚಿತ. ಲಾಲಾ ಲಜಪತರಾಯರನ್ನಾದರೋ ನಾವು ಅವರ ಮರಣದಿಂದಲೇ ಹೆಚ್ಚಾಗಿ ಬಲ್ಲೆವು. ಇತಿಹಾಸದ ವಿದ್ಯಾರ್ಥಿಯಾದ ನನಗೆ ಆ ಮರಣದಷ್ಟೇ ಅದರ ಅನಂತರ ನಡೆದುದೂ ವಿಚಾರಾರ್ಹವೆಂದು ತೋರಿದೆ.

ರಾಯರು 1865ನೆಯ ಜನವರಿ 28ರಂದು ಪಂಜಾಬಿನ ಧುಡಿಕೆ ಗ್ರಾಮದಲ್ಲಿ ಜನಿಸಿದರು. ತಂದೆ ಶಾಲಾ ಉಪಾಧ್ಯಾಯರು. ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಓದಿ, ವಕೀಲರಾಗಿ ಹಿಸಾರಿನಲ್ಲಿಯೂ ಲಾಹೋರಿನಲ್ಲಿಯೂ ಹೆಸರು ಗಳಿಸಿದರು. 1905ರಲ್ಲಿ ಕಾಂಗ್ರಾ ಪ್ರದೇಶವು ಭೂಕಂಪಕ್ಕೆ ತುತ್ತಾದಾಗ ನೊಂದವರ ಸೇವೆಗೆ ನಿಂತರು. 1907ರಲ್ಲಿ ಸರ್ಕಾರವು ಯಾವ ವಿಚಾರಣೆಯನ್ನೂ ನಡೆಸದೆ ಅವರನ್ನು ಬರ್ಮಾದ ಮಂಡಾಲೆಗೆ ಗಡೀಪಾರು ಮಾಡಿತು. ಕಾನೂನನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದ ವ್ಯಕ್ತಿಗೆ ಕಾನೂನಿನ ಬಾಗಿಲೇ ಮುಚ್ಚಿತು. ಆರು ತಿಂಗಳ ಬಳಿಕ ಬಿಡುಗಡೆಯಾಯಿತು. 1920ರಲ್ಲಿ ಕಲ್ಕತ್ತೆಯ ವಿಶೇಷ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾದರು; 1921ರಲ್ಲಿ ಲೋಕಸೇವಕ ಮಂಡಲವನ್ನು ಸ್ಥಾಪಿಸಿದರು. ಮುಂದೆ ಪ್ರಧಾನಿಯಾದ ಲಾಲ್ ಬಹಾದೂರ್ ಶಾಸ್ತ್ರಿಯವರು ಈ ಮಂಡಲದ ಸದಸ್ಯರಾಗಿದ್ದವರು.

ಭಾರತದ ಭವಿಷ್ಯವನ್ನು ಕುರಿತು ವಿಚಾರಿಸಲು ಬಂದ ಸೈಮನ್ ಆಯೋಗದ ಏಳು ಸದಸ್ಯರಲ್ಲಿ ಒಬ್ಬನೂ ಭಾರತೀಯನಿರಲಿಲ್ಲ. 1928ನೆಯ ಅಕ್ಟೋಬರ್ 30ರಂದು ಆಯೋಗವು ಲಾಹೋರಿಗೆ ಬಂದಾಗ ಅರುವತ್ತಮೂರು ವರ್ಷದ ರಾಯರು ಪ್ರತಿಭಟನೆಯ ಮುಂಚೂಣಿಯಲ್ಲಿದ್ದರು. ಪೋಲೀಸ್ ಸೂಪರಿಂಟೆಂಡೆಂಟ್ ಸ್ಕಾಟ್ ಲಾಠಿ ಪ್ರಹಾರಕ್ಕೆ ಅಪ್ಪಣೆ ಕೊಟ್ಟನು. ನಿರಾಯುಧರಾದ ವೃದ್ಧ ನಾಯಕರ ಎದೆಯ ಮೇಲೆಯೇ ಏಟುಗಳು ಬಿದ್ದವು. ಆ ಸಂಜೆಯೂ ಅವರು ಸಭೆಯಲ್ಲಿ ಮಾತನಾಡಿದರು. ಆದರೆ ಚೇತರಿಸಿಕೊಳ್ಳಲಿಲ್ಲ, ನವೆಂಬರ್ 17ರಂದು ತೀರಿಕೊಂಡರು. ಏಟುಗಳೇ ಮರಣವನ್ನು ಹತ್ತಿರ ತಂದವೆಂದು ದೇಶವೆಲ್ಲ ನಂಬಿತು. ಬ್ರಿಟಿಷ್ ಸರ್ಕಾರ ಹೊಣೆಯನ್ನು ಒಪ್ಪಲಿಲ್ಲ. ಆ ಏಟುಗಳಿಗಾಗಿ ಯಾವ ಅಧಿಕಾರಿಯೂ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಲಿಲ್ಲ.

ಇದರ ಫಲವೇನಾಯಿತು? ಸರಿಯಾಗಿ ಒಂದು ತಿಂಗಳ ಮೇಲೆ, ಡಿಸೆಂಬರ್ 17ರಂದು, ಭಗತ್ ಸಿಂಗ್, ರಾಜಗುರು ಮತ್ತು ಅವರ ಸಂಗಾತಿಗಳು ಸ್ಕಾಟನಿಗಾಗಿ ಹೊಂಚುಹಾಕಿದರು. ಗುಂಡಿಗೆ ಬಲಿಯಾದವನು ಸ್ಕಾಟನಲ್ಲ. ಸಾಂಡರ್ಸ್ ಎಂಬ ಕಿರಿಯ ಅಧಿಕಾರಿ. ಬೆನ್ನಟ್ಟಿ ಬಂದ ಚನನ್ ಸಿಂಗ್ ಎಂಬ ಭಾರತೀಯ ಹೆಡ್ ಕಾನ್‌ಸ್ಟೇಬಲನೂ ಸತ್ತನು. 1931ರ ಮಾರ್ಚ್ 23ರಂದು ಭಗತ್ ಸಿಂಗ್, ರಾಜಗುರು, ಸುಖದೇವರನ್ನು ಗಲ್ಲಿಗೇರಿಸಲಾಯಿತು. ಒಂದು ಅಪ್ಪಣೆಗೆ ಉತ್ತರ ಕೇಳುವವರಿಲ್ಲದೆ ಹೋದುದರಿಂದ ರಾಯರ ಹಿಂದೆ ಇನ್ನೂ ಐವರ ಪ್ರಾಣ ಹೋಯಿತು. ಆ ತರುಣರ ತ್ಯಾಗಕ್ಕೆ ನಾನು ತಲೆಬಾಗುತ್ತೇನೆ. ಆದರೂ ಚನನ್ ಸಿಂಗನ ಮನೆಯವರನ್ನು ನೆನೆದಾಗ ನನ್ನ ಮನಸ್ಸು ಭಾರವಾಗುತ್ತದೆ.

ಪೋಲೀಸರಿಲ್ಲದೆ ನಾಗರಿಕ ಜೀವನ ಸಾಗದು; ಕೆಲವೊಮ್ಮೆ ಬಲಪ್ರಯೋಗವೂ ಅನಿವಾರ್ಯವಾದೀತು. ಎಷ್ಟು ಬಲ, ಯಾರ ಮೇಲೆ, ಮಿತಿ ಮೀರಿದರೆ ಉತ್ತರ ಹೇಳುವವರು ಯಾರು ಎಂಬುದೇ ಪ್ರಶ್ನೆ. 2006ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ, ಪೋಲೀಸರ ವಿರುದ್ಧದ ದೂರುಗಳನ್ನು ವಿಚಾರಿಸಲು ರಾಜ್ಯಗಳಲ್ಲಿಯೂ ಜಿಲ್ಲೆಗಳಲ್ಲಿಯೂ ಪ್ರಾಧಿಕಾರಗಳನ್ನು ರಚಿಸಬೇಕೆಂದು ಆದೇಶಿಸಿತು. ಲಾಹೋರಿನ ಪ್ರಜೆಗಳಿಗೆ 1928ರಲ್ಲಿ ಅಂಥ ಬಾಗಿಲೊಂದು ತೆರೆದಿದ್ದರೆ, ತರುಣರು ಪಿಸ್ತೂಲನ್ನು ಹಿಡಿಯುವ ಮೊದಲು ಅದನ್ನು ತಟ್ಟುತ್ತಿದ್ದರೇನೋ! ನಾಳೆ ಅಧಿಕಾರಿಗಳೂ ವಕೀಲರೂ ಆಗಲಿರುವ ನನ್ನ ಸಹಪಾಠಿಗಳು ರಾಯರ ಚರಿತ್ರೆಯನ್ನು ಈ ದೃಷ್ಟಿಯಿಂದಲೂ ಓದಲೆಂದು ನನ್ನ ಬಿನ್ನಹ.