ಪಿಂಕ್ ಫ್ಲಾಯ್ಡ್‌ಗೆ ಹೆಸರಿಟ್ಟವರೇ ಬ್ಯಾಂಡ್‌ನಿಂದ ಹೊರಬಿದ್ದರು: ಸಿಡ್ ಬ್ಯಾರೆಟ್ ಬದುಕಿನ ಕಥೆ

ರಾಕ್ ಸಂಗೀತ ಈಗ ಮುಂಬೈ ಸುತ್ತಮುತ್ತಲಿನವರಿಗೆ ದೂರದ ಮಾತಲ್ಲ. 2019ರ ಡಿಸೆಂಬರ್‌ನಲ್ಲಿ ಯು2, 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ನವಿ ಮುಂಬೈನ ಡಿ.ವೈ. ಪಾಟೀಲ್ ಕ್ರೀಡಾಂಗಣಕ್ಕೇ ಬಂದು ಹಾಡಿವೆ. ಠಾಣೆ, ಡೊಂಬಿವಲಿ, ಕಲ್ಯಾಣದ ಹುಡುಗ ಹುಡುಗಿಯರು ಲೋಕಲ್ ರೈಲು ಹಿಡಿದು ಹೋಗಿ ಬರಬಹುದಾದಷ್ಟು ಹತ್ತಿರ. ಕೋಲ್ಡ್‌ಪ್ಲೇ ಕಾರ್ಯಕ್ರಮದಲ್ಲಿ ಹಾಡಿನ ಜೊತೆಗೇ ಇಡೀ ಕ್ರೀಡಾಂಗಣ ಬಣ್ಣ ಬಣ್ಣದ ಬೆಳಕಾಗಿ ಮಿನುಗಿದ್ದನ್ನು ನೋಡದವರೂ ವಿಡಿಯೋದಲ್ಲಾದರೂ ನೋಡಿರುತ್ತಾರೆ.

ಹಾಡನ್ನೂ ಬೆಳಕನ್ನೂ ಹೀಗೆ ಒಂದಾಗಿ ಬೆರೆಸುವ ಆಟದ ಬೇರು ಹುಡುಕಿದರೆ, 1960ರ ದಶಕದ ಸೈಕೆಡೆಲಿಕ್ ರಾಕ್ ಸಿಗುತ್ತದೆ. ಲಂಡನ್‌ನಲ್ಲಿ ಅದಕ್ಕೆ ದಾರಿ ಹಾಕಿಕೊಟ್ಟವರ ಪೈಕಿ ಮುಂಚೂಣಿಯಲ್ಲಿದ್ದವರು ಪಿಂಕ್ ಫ್ಲಾಯ್ಡ್ ಬ್ಯಾಂಡ್‌ನ ಸಿಡ್ ಬ್ಯಾರೆಟ್. ಅವರು ತೀರಿಕೊಂಡದ್ದು 2006ರ ಜುಲೈ 7ರಂದು. ಆದರೆ ಸಂಗೀತ ಲೋಕದ ಪಾಲಿಗೆ ಅವರು ಅದಕ್ಕೂ ಮೂರು ದಶಕ ಮೊದಲೇ ಇಲ್ಲವಾಗಿದ್ದರು. ಏನಾಗಿತ್ತು ಅವರಿಗೆ?

ಖಾಲಿ ಉಳಿದ ಡೈರಿ ಪುಟ

ಸಿಡ್ ಅವರ ನಿಜವಾದ ಹೆಸರು ರೋಜರ್ ಕೀತ್ ಬ್ಯಾರೆಟ್. ಹುಟ್ಟಿದ್ದು 1946ರ ಜನವರಿ 6ರಂದು, ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ. ಐವರು ಮಕ್ಕಳಲ್ಲಿ ನಾಲ್ಕನೆಯವರು. ತಂದೆ ಹೆಸರಾಂತ ರೋಗಶಾಸ್ತ್ರಜ್ಞ. ಮನೆಯಲ್ಲಿ ಸಂಗೀತಕ್ಕೂ ಚಿತ್ರಕಲೆಗೂ ಕೊರತೆ ಇರಲಿಲ್ಲ.

1961ರ ಡಿಸೆಂಬರ್‌ನಲ್ಲಿ ತಂದೆ ಕ್ಯಾನ್ಸರ್‌ನಿಂದ ತೀರಿಕೊಂಡರು. ಮಗನಿಗೆ ಆಗ 16 ಕೂಡ ತುಂಬಿರಲಿಲ್ಲ. ದಿನವೂ ಡೈರಿ ಬರೆಯುತ್ತಿದ್ದ ಹುಡುಗ ಆ ದಿನದ ಪುಟವನ್ನು ಖಾಲಿ ಬಿಟ್ಟ.

ಊರಿನಲ್ಲಿ ಸಿಡ್ ಬ್ಯಾರೆಟ್ ಎಂಬ ಜಾಝ್ ವಾದಕರೊಬ್ಬರಿದ್ದರು. ಅವರ ಹೆಸರೇ ಇವರಿಗೂ ಅಡ್ಡಹೆಸರಾಗಿ ಅಂಟಿಕೊಂಡಿತು. ಮುಂದೆ ಚಿತ್ರಕಲೆ ಕಲಿಯಲು 1964ರಲ್ಲಿ ಲಂಡನ್ನಿನ ಕ್ಯಾಂಬರ್‌ವೆಲ್ ಕಲಾ ಶಾಲೆ ಸೇರಿದರು.

ಆ ದಿನಗಳಲ್ಲಿ ಅವರ ಮನಸ್ಸು ಭಾರತದ ಕಡೆಗೂ ಎಳೆದಿತ್ತು. ಕೇಂಬ್ರಿಡ್ಜ್‌ನ ಗೆಳೆಯರು ಕೆಲವರು ಪಂಜಾಬಿನ ರಾಧಾ ಸ್ವಾಮಿ ಸತ್ಸಂಗ ಬಿಯಾಸ್ ಕಡೆ ವಾಲಿದ್ದರು. ಸಿಡ್ ಕೂಡ ಗುರು ಚರಣ್ ಸಿಂಗ್ ಅವರಲ್ಲಿ ದೀಕ್ಷೆ ಕೇಳಿದರು. ಇನ್ನೂ ಓದುವ ಹುಡುಗ, ಮೊದಲು ಓದು ಮುಗಿಸಲಿ ಎಂದು ಗುರುಗಳು ದೀಕ್ಷೆ ಕೊಡಲಿಲ್ಲ. ಆ ನಿರಾಕರಣೆ ಸಿಡ್ ಅವರನ್ನು ಬಹಳ ನೋಯಿಸಿತು ಎನ್ನುತ್ತಾರೆ ಅವರನ್ನು ಬಲ್ಲವರು.

ಎರಡು ಹೆಸರು ಸೇರಿ ಒಂದು ಬ್ಯಾಂಡ್

ಕೇಂಬ್ರಿಡ್ಜ್‌ನವರೇ ಆದ ರೋಜರ್ ವಾಟರ್ಸ್ ಆಗ ಲಂಡನ್ನಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದರು. ಸಹಪಾಠಿಗಳಾದ ನಿಕ್ ಮೇಸನ್, ರಿಚರ್ಡ್ ರೈಟ್ ಜೊತೆ ಬ್ಯಾಂಡ್ ಕಟ್ಟಿಕೊಂಡಿದ್ದರು. ಸಿಡ್ ಅದಕ್ಕೆ ಸೇರಿದ ಮೇಲೆ ಹೊಸ ಹೆಸರನ್ನೂ ಕೊಟ್ಟರು. ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಎಂಬ ಅಮೆರಿಕದ ಇಬ್ಬರು ಬ್ಲೂಸ್ ಗಾಯಕರ ಹೆಸರು ಜೋಡಿಸಿದಾಗ ಹುಟ್ಟಿದ್ದೇ ಪಿಂಕ್ ಫ್ಲಾಯ್ಡ್.

1966ರ ಕೊನೆಯಲ್ಲಿ ಲಂಡನ್‌ನಲ್ಲಿ ಯುಎಫ್‌ಒ ಎಂಬ ಕ್ಲಬ್ ಶುರುವಾಯಿತು. ಅಲ್ಲಿ ಪಿಂಕ್ ಫ್ಲಾಯ್ಡ್ ನುಡಿಸುತ್ತಿದ್ದಾಗ ವೇದಿಕೆಯ ಮೇಲೆ ಬಣ್ಣದ ದ್ರವಗಳು ಹರಿದಾಡುವಂತೆ ಬೆಳಕು ಬಿಡುತ್ತಿದ್ದರು. ಸಿಡ್ ಸಿಗರೇಟ್ ಲೈಟರ್ ಅನ್ನು ಗಿಟಾರ್ ತಂತಿಯ ಮೇಲೆ ಜಾರಿಸಿ, ಆ ದನಿಯನ್ನು ಪ್ರತಿಧ್ವನಿ ಯಂತ್ರದ ಮೂಲಕ ಹಾಯಿಸಿ, ಯಾರೂ ಕೇಳಿರದ ಸದ್ದು ಹೊರಡಿಸುತ್ತಿದ್ದರು.

1967 ಅವರ ವರ್ಷ. ಮಾರ್ಚ್‌ನಲ್ಲಿ 'ಅರ್ನಾಲ್ಡ್ ಲೇನ್', ಜೂನ್‌ನಲ್ಲಿ 'ಸೀ ಎಮಿಲಿ ಪ್ಲೇ' ಬಂದವು. ಎರಡನೆಯದು ಬ್ರಿಟನ್ ಪಟ್ಟಿಯಲ್ಲಿ 6ನೇ ಸ್ಥಾನಕ್ಕೇರಿತು. ಆಗಸ್ಟ್‌ನಲ್ಲಿ ಮೊದಲ ಆಲ್ಬಮ್ 'ದಿ ಪೈಪರ್ ಅಟ್ ದಿ ಗೇಟ್ಸ್ ಆಫ್ ಡಾನ್' ಹೊರಬಂತು. ಅದರ 11 ಹಾಡುಗಳಲ್ಲಿ 8 ಸಿಡ್ ಒಬ್ಬರೇ ಬರೆದವು. ಬಾಹ್ಯಾಕಾಶ, ಬೆಕ್ಕು, ಬೆದರುಬೊಂಬೆ, ಬೈಸಿಕಲ್ ಎಲ್ಲವೂ ಮಕ್ಕಳ ಕಥೆಯಂತೆ ಅಲ್ಲಿವೆ. ಆಗ ಅವರಿಗೆ 21 ವರ್ಷ.

ಕರೆದುಕೊಂಡು ಹೋಗದ ಆ ಸಂಜೆ

ಅದೇ ವರ್ಷ ಕುಸಿತವೂ ಶುರುವಾಯಿತು. ಸಿಡ್ ಎಲ್‌ಎಸ್‌ಡಿ ಎಂಬ ಮಾದಕ ವಸ್ತುವನ್ನು ವಿಪರೀತ ಸೇವಿಸುತ್ತಿದ್ದರು. ವೇದಿಕೆಯ ಮೇಲೆ ಇಡೀ ಸಂಜೆ ಒಂದೇ ಸ್ವರ ನುಡಿಸುವುದು, ಟಿವಿ ಕಾರ್ಯಕ್ರಮದಲ್ಲಿ ಮಾತಾಡಿಸಿದರೂ ಸುಮ್ಮನೆ ದಿಟ್ಟಿಸುವುದು ನಡೆಯಿತು. ಅಮೆರಿಕ ಪ್ರವಾಸವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಮಾದಕ ವಸ್ತುವೇ ಕಾರಣವೋ, ಒಳಗಿದ್ದ ಕಾಯಿಲೆಯನ್ನು ಅದು ಕೆದಕಿತೋ, ದಿಢೀರ್ ಜನಪ್ರಿಯತೆಯ ಒತ್ತಡವೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಖ್ಯಾತ ಮನೋವೈದ್ಯ ಆರ್.ಡಿ. ಲೈಂಗ್ ಅವರ ಬಳಿಗೆ ಕರೆದೊಯ್ಯುವ ಪ್ರಯತ್ನವನ್ನೂ ಗೆಳೆಯರು ಮಾಡಿದ್ದರು. ಸಿಡ್ ಕಾರಿನಿಂದ ಇಳಿಯಲೇ ಇಲ್ಲ. ನಮ್ಮಲ್ಲಿ ಈಗ ಮನಸ್ಸಿನ ತೊಂದರೆಗೆ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. ಆಗ 20ರ ಆಸುಪಾಸಿನ ಆ ಹುಡುಗರಿಗೆ ಮುಂದೇನು ಮಾಡಬೇಕೆಂದು ತೋಚಲಿಲ್ಲ. ಕಾರ್ಯಕ್ರಮಗಳಂತೂ ಸಾಲುಸಾಲಾಗಿ ನಿಗದಿಯಾಗಿದ್ದವು.

ಸಿಡ್ ಅವರ ಹಳೆಯ ಗೆಳೆಯ ಡೇವಿಡ್ ಗಿಲ್ಮೋರ್ ಅವರನ್ನು ಬ್ಯಾಂಡ್‌ಗೆ ಸೇರಿಸಿಕೊಂಡರು. ಕೆಲವು ಕಾರ್ಯಕ್ರಮಗಳಲ್ಲಿ ಐವರೂ ನುಡಿಸಿದರು. 1968ರ ಜನವರಿ ಕೊನೆಯಲ್ಲಿ ಸೌತಾಂಪ್ಟನ್‌ಗೆ ಹೊರಟಿದ್ದಾಗ, ಸಿಡ್ ಅವರನ್ನು ಕರೆದುಕೊಂಡು ಹೋಗುವುದು ಬೇಡ ಎಂದು ಕಾರಿನಲ್ಲೇ ತೀರ್ಮಾನವಾಯಿತು. ಜಗಳವಿಲ್ಲ, ಬೀಳ್ಕೊಡುಗೆಯೂ ಇಲ್ಲ. ಏಪ್ರಿಲ್‌ನಲ್ಲಿ ಅಧಿಕೃತ ಪ್ರಕಟಣೆ ಹೊರಬಿತ್ತು.

ಗೆಳೆಯರು ಪೂರ್ತಿ ಕೈಬಿಟ್ಟರು ಎನ್ನುವಂತಿಲ್ಲ. 1970ರಲ್ಲಿ ಬಂದ ಸಿಡ್ ಅವರ ಎರಡು ಸ್ವಂತ ಆಲ್ಬಮ್‌ಗಳಿಗೆ ಗಿಲ್ಮೋರ್ ಕೈಜೋಡಿಸಿದರು. ಮೊದಲನೆಯದಕ್ಕೆ ವಾಟರ್ಸ್, ಎರಡನೆಯದಕ್ಕೆ ರೈಟ್ ಕೂಡ ನೆರವಾದರು. ಅಲ್ಲಿಗೆ ಸಿಡ್ ಅವರ ಸಂಗೀತ ಬದುಕು ಹೆಚ್ಚುಕಡಿಮೆ ಮುಗಿಯಿತು.

ಗುರುತೇ ಸಿಗಲಿಲ್ಲ

1975ರ ಜೂನ್ 5. ಪಿಂಕ್ ಫ್ಲಾಯ್ಡ್ ಆಗ ಜಗದ್ವಿಖ್ಯಾತ. ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ 'ವಿಶ್ ಯೂ ವರ್ ಹಿಯರ್' ಆಲ್ಬಮ್‌ನ ಕೆಲಸ ನಡೆದಿತ್ತು. ತಲೆ, ಹುಬ್ಬು ಎರಡನ್ನೂ ಬೋಳಿಸಿಕೊಂಡ ದಪ್ಪ ವ್ಯಕ್ತಿಯೊಬ್ಬರು ಒಳಗೆ ಬಂದು ನಿಂತರು. ಅವರು ಯಾರೆಂದು ಬಹಳ ಹೊತ್ತು ಯಾರಿಗೂ ಗೊತ್ತಾಗಲಿಲ್ಲ. ಅದು ಸಿಡ್ ಎಂದು ತಿಳಿದಾಗ ವಾಟರ್ಸ್ ಕಣ್ಣೀರಾದರು. ಆ ಆಲ್ಬಮ್‌ನ 'ಶೈನ್ ಆನ್ ಯೂ ಕ್ರೇಜಿ ಡೈಮಂಡ್' ಸಿಡ್ ಅವರನ್ನೇ ನೆನೆದು ಬರೆದದ್ದು. 9 ಭಾಗಗಳ, 25 ನಿಮಿಷಕ್ಕೂ ಮೀರಿದ ಹಾಡು.

ಅದೇ ಹಾಡನ್ನು ವಾಟರ್ಸ್ 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ, 2007ರಲ್ಲಿ ಮುಂಬೈನ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲೂ ಹಾಡಿದರು. ಬೆಂಗಳೂರಿನ ಜನ ಕೇಳಿದಾಗ ಸಿಡ್ ಬದುಕಿದ್ದರು. ಮುಂಬೈನ ಜನ ಕೇಳುವಷ್ಟರಲ್ಲಿ ಇರಲಿಲ್ಲ.

ಮತ್ತೆ ರೋಜರ್ ಆಗಿ

1980ರ ದಶಕದ ಆರಂಭದಲ್ಲಿ ಅವರು ಲಂಡನ್ ಬಿಟ್ಟು ಕೇಂಬ್ರಿಡ್ಜ್‌ಗೆ, ತಾಯಿಯ ಬಳಿಗೆ ಮರಳಿದರು. ಸುಮಾರು 80 ಕಿ.ಮೀ. ದೂರವನ್ನು ನಡೆದೇ ಬಂದರು ಎನ್ನಲಾಗುತ್ತದೆ. ಸಿಡ್ ಎಂಬ ಹೆಸರು ಬಿಟ್ಟು ಮತ್ತೆ ರೋಜರ್ ಆದರು. ತೋಟ ಮಾಡಿದರು, ಸೈಕಲ್ ತುಳಿದು ಅಂಗಡಿಗೆ ಹೋಗಿ ಬಂದರು. ಚಿತ್ರ ಬರೆದು, ಅದರ ಫೋಟೋ ತೆಗೆದು, ಚಿತ್ರವನ್ನು ಸುಟ್ಟು ಹಾಕುತ್ತಿದ್ದರು. 1991ರಲ್ಲಿ ತಾಯಿ ತೀರಿಕೊಂಡ ಮೇಲೆ ತಂಗಿ ನೋಡಿಕೊಂಡರು. ಹಾಡುಗಳ ಗೌರವಧನ ತಪ್ಪದೆ ತಲುಪುವಂತೆ ಗಿಲ್ಮೋರ್ ನಿಗಾ ವಹಿಸಿದ್ದರು.

ಹೊರಜಗತ್ತು ಮಾತ್ರ ಅವರನ್ನು ಬಿಡಲಿಲ್ಲ. ಹುಚ್ಚನಾದ ಪ್ರತಿಭಾವಂತ ಎಂಬ ದಂತಕಥೆ ಕೇಳಿ ಬಂದ ಅಭಿಮಾನಿಗಳು, ಪತ್ರಕರ್ತರು ಮನೆ ಬಾಗಿಲು ತಟ್ಟುತ್ತಲೇ ಇದ್ದರು, ಬೀದಿಯಲ್ಲಿ ಫೋಟೋ ತೆಗೆಯುತ್ತಲೇ ಇದ್ದರು. ಹಳೆಯ ದಿನಗಳನ್ನು ನೆನಪಿಸಿದರೆ ಅವರಿಗೆ ಸಂಕಟವಾಗುತ್ತದೆ, ದಯವಿಟ್ಟು ಬರಬೇಡಿ ಎಂದು ಮನೆಯವರು ಬೇಡಿಕೊಳ್ಳಬೇಕಾಯಿತು. ಅಭಿಮಾನವೂ ಹಿಂಸೆಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ 60ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ಮನೆಯ ವಸ್ತುಗಳ ಹರಾಜು ನಡೆಯಿತು. ಚಿತ್ರಗಳು, ನೋಟ್‌ಬುಕ್‌ಗಳು, ತುಳಿಯುತ್ತಿದ್ದ ಸೈಕಲ್‌ಗಳು ಎಲ್ಲ ಸೇರಿ ಸುಮಾರು 1.2 ಲಕ್ಷ ಪೌಂಡ್ ಬಂತು. ಆ ಹಣವನ್ನು ಕುಟುಂಬ ಚಿತ್ರಕಲೆ ಕಲಿಯುವ ಮಕ್ಕಳ ಓದಿಗೆ ಕೊಟ್ಟಿತು.